ಎದೆಹಾಲು: ಹೊಸ ತಾಯಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಹೆರಿಗೆಯಾದ ಮೊದಲ ವಾರಗಳಲ್ಲಿ ಹತ್ತಾರು ಪ್ರಶ್ನೆ ಏಳುತ್ತವೆ. ಅವುಗಳಲ್ಲಿ ಬಹುಪಾಲಿನ ಹಿಂದೆ ಇರುವುದು ಒಂದೇ ಅಂಜಿಕೆ: ನನ್ನ ಹಾಲು ಮಗುವಿಗೆ ಸಾಲುತ್ತಿದೆಯೋ ಇಲ್ಲವೋ. ಎದೆ ಮುಟ್ಟಿ ನೋಡಿಯೋ ಮಗುವಿನ ಅಳು ಕೇಳಿಯೋ ಇದನ್ನು ತೀರ್ಮಾನಿಸಲು ಹೋದವರು ಸುಮ್ಮನೆ ಹೆದರಿಕೊಳ್ಳುತ್ತಾರೆ. ನೋಡಬೇಕಾದದ್ದು ಡೈಪರ್, ತಕ್ಕಡಿ ಮತ್ತು ಗುಟುಕಿನ ಸದ್ದು. ಮುಂದಿನ ಉತ್ತರಗಳಲ್ಲಿ ಈ ಮೂರೂ ಮತ್ತೆ ಮತ್ತೆ ಬರುತ್ತವೆ.

ಹುಟ್ಟಿದ ಎಷ್ಟು ಹೊತ್ತಿಗೆ ಹಾಲು ಕೊಡಬೇಕು?

ಒಂದು ಗಂಟೆಯೊಳಗೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ. ಮಗುವನ್ನು ಒರೆಸಿ, ಬಟ್ಟೆ ಹಾಕದೆ, ತಾಯಿಯ ಬರಿ ಎದೆಯ ಮೇಲೆ ಬೋರಲಾಗಿ ಮಲಗಿಸಿ ಬೆನ್ನಿನ ಮೇಲೆ ಬಟ್ಟೆ ಹೊದಿಸಬೇಕು. ಮೂಗು, ಬಾಯಿ ಕಾಣುತ್ತಿರಲಿ, ಪಕ್ಕದಲ್ಲಿ ಯಾರಾದರೂ ನೋಡಿಕೊಳ್ಳುತ್ತಿರಲಿ. ಹುಟ್ಟಿದ ಮೊದಲ ಒಂದೆರಡು ಗಂಟೆ ಮಗು ಚೆನ್ನಾಗಿ ಎಚ್ಚರವಾಗಿರುತ್ತದೆ, ಆಮೇಲೆ ಗಾಢ ನಿದ್ದೆಗೆ ಜಾರುತ್ತದೆ. ಆ ಎಚ್ಚರದ ಹೊತ್ತನ್ನು ಕಳೆದುಕೊಳ್ಳಬಾರದು. ತೂಕ ನೋಡುವುದು, ಸಿಂಗರಿಸುವುದು, ಫೋಟೋ ತೆಗೆಯುವುದು ಎಲ್ಲವೂ ಒಂದು ಗಂಟೆ ಕಾಯಬಹುದು. ಸಿಸೇರಿಯನ್ ಆಗಿದ್ದರೂ ತಾಯಿಗೆ ಎಚ್ಚರವಿದ್ದು ಇಬ್ಬರೂ ಆರೋಗ್ಯವಾಗಿದ್ದರೆ ಹೀಗೆ ಮಾಡಬಹುದು. ಹೆರಿಗೆಗೆ ಮೊದಲೇ ವೈದ್ಯರಿಗೆ ಹೇಳಿಟ್ಟಿರಿ.

ಎರಡು ದಿನವಾಯಿತು, ನಾಲ್ಕು ಹನಿ ಹಳದಿ ಹಾಲು ಬಿಟ್ಟರೆ ಏನೂ ಬರುತ್ತಿಲ್ಲ. ಮಗು ಹಸಿದಿದೆಯಲ್ಲ?

ಮೊದಲ ದಿನ ಮಗುವಿಗೆ ಒಂದು ಸಲಕ್ಕೆ ಬೇಕಾಗುವುದೇ 2ರಿಂದ 10 ಮಿ.ಲೀ., ಅಂದರೆ ಹೆಚ್ಚೆಂದರೆ ಎರಡು ಟೀ ಚಮಚ. ಎರಡನೇ ದಿನ 5ರಿಂದ 15, ಮೂರನೇ ದಿನ 15ರಿಂದ 30, ನಾಲ್ಕನೇ ದಿನ 30ರಿಂದ 60 ಮಿ.ಲೀ. ಆ ನಾಲ್ಕು ಹನಿಯೇ ಗಿಣ್ಣು ಹಾಲು. ಮಂದವಾಗಿ, ಅಂಟಂಟಾಗಿ ಇರುತ್ತದೆ. ಸೋಂಕು ತಡೆಯುವ ಅಂಶ ಅದರಲ್ಲಿ ದಟ್ಟವಾಗಿರುತ್ತದೆ. ಕರುಳಿನಲ್ಲಿರುವ ಕಪ್ಪು ಮಲವನ್ನು ಹೊರಗೆ ತಳ್ಳಲೂ ನೆರವಾಗುತ್ತದೆ. ಕೆಟ್ಟ ಹಾಲೆಂದು ಹಿಂಡಿ ಚೆಲ್ಲಬೇಡಿ.

ಮಾಸು ಬಿದ್ದ ಮೇಲೆ ತಾಯಿಯ ರಕ್ತದಲ್ಲಿ ಪ್ರೊಜೆಸ್ಟರಾನ್ ಹಾರ್ಮೋನು ಕುಸಿಯುತ್ತದೆ. ಆ ಕುಸಿತವೇ ಹಾಲು ತುಂಬಿಬರಲು ಸೂಚನೆ. ಇದಕ್ಕೆ ಸಾಮಾನ್ಯವಾಗಿ 2ರಿಂದ 4 ದಿನ ಹಿಡಿಯುತ್ತದೆ. ಸಿಸೇರಿಯನ್, ಸಕ್ಕರೆ ಕಾಯಿಲೆ, ಅತಿಯಾದ ರಕ್ತಸ್ರಾವ, ಹೆಚ್ಚಿನ ಮೈತೂಕ, ಮಾಸಿನ ಚೂರು ಒಳಗೆ ಉಳಿದಿರುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ಇನ್ನೂ ಒಂದೆರಡು ದಿನ ತಡವಾಗಬಹುದು. ಈ ನಡುವೆ ಜೇನು, ಸಕ್ಕರೆ ನೀರು ಯಾವುದನ್ನೂ ನೆಕ್ಕಿಸಬೇಡಿ. ಜೇನಿನಲ್ಲಿ ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು, ಹಾಗಾಗಿ ಒಂದು ವರ್ಷ ತುಂಬುವ ತನಕ ಜೇನು ಕೂಡದು. ಸಕ್ಕರೆ ನೀರು ಪುಟ್ಟ ಹೊಟ್ಟೆ ತುಂಬಿಸಿ ಮಗು ಎದೆಗೆ ಬರದಂತೆ ಮಾಡುತ್ತದೆ.

ಮಗುವಿಗೆ ಎದೆ ಸರಿಯಾಗಿ ಹಿಡಿಸುವುದು ಹೇಗೆ?

ಇದೊಂದು ಸರಿಹೋದರೆ ಮುಂದಿನ ಅರ್ಧ ಪ್ರಶ್ನೆಗಳು ಏಳುವುದೇ ಇಲ್ಲ, ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳುತ್ತೇವೆ.

ನಿಮ್ಮ ನಾಲಿಗೆಯ ತುದಿಯನ್ನು ಅಂಗುಳಕ್ಕೆ ಒತ್ತಿ ಹಿಂದಕ್ಕೆ ಸರಿಸುತ್ತ ಹೋಗಿ. ಮೊದಲು ಗಟ್ಟಿಯಾಗಿರುವ ಅಂಗುಳ ಒಂದು ಕಡೆ ಮೆತ್ತಗಾಗುತ್ತದೆ. ಮಗುವಿನ ಬಾಯಲ್ಲಿ ತೊಟ್ಟಿನ ತುದಿ ಅಷ್ಟು ಹಿಂದಕ್ಕೆ ಹೋಗಿರಬೇಕು. ಮುಂದೆ ಗಟ್ಟಿ ಅಂಗುಳಕ್ಕೂ ನಾಲಿಗೆಗೂ ನಡುವೆ ಸಿಕ್ಕಿಕೊಂಡರೆ ತೊಟ್ಟು ಜಜ್ಜಿಹೋಗುತ್ತದೆ, ಹಾಲೂ ಸರಿಯಾಗಿ ಬರುವುದಿಲ್ಲ. ಮಗು ಹಿಡಿಯಬೇಕಾದದ್ದು ಬರೀ ತೊಟ್ಟನ್ನಲ್ಲ, ಸುತ್ತಲಿನ ಕಪ್ಪು ಭಾಗದ ಸಮೇತ ಬಾಯಿ ತುಂಬ ಎದೆಯನ್ನು.

ಬೆನ್ನಿಗೆ ಒರಗು ಕೊಟ್ಟು ಕುಳಿತುಕೊಳ್ಳಿ. ಎಡ ಎದೆ ಕೊಡುವುದಾದರೆ ಮಗುವನ್ನು ಬಲಗೈಯಲ್ಲಿ ಹಿಡಿಯಿರಿ. ಅಂಗೈ ಮಗುವಿನ ಎರಡು ಭುಜಗಳ ನಡುವೆ, ಹೆಬ್ಬೆರಳು ಒಂದು ಕಿವಿಯ ಕೆಳಗೆ, ಉಳಿದ ಬೆರಳು ಇನ್ನೊಂದು ಕಿವಿಯ ಕೆಳಗೆ. ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಿರಲಿ; ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಲಿ. ಕತ್ತು ಹೊರಳಿಸಿಕೊಂಡು ನೀವು ನೀರು ಕುಡಿದು ನೋಡಿ, ಕಷ್ಟ ಅರ್ಥವಾಗುತ್ತದೆ. ತೊಟ್ಟು ಮಗುವಿನ ಬಾಯಿಯ ನೇರಕ್ಕಲ್ಲ, ಮೂಗಿನ ನೇರಕ್ಕೆ ಬರಲಿ. ತೊಟ್ಟಿನಿಂದ ಮೇಲ್ದುಟಿಯನ್ನು ಸವರಿ ಕಾಯಿರಿ. ಮಗು ತಲೆಯನ್ನು ತುಸು ಹಿಂದಕ್ಕೆ ಚಾಚಿ ಆಕಳಿಸುವಷ್ಟು ದೊಡ್ಡದಾಗಿ ಬಾಯಿ ತೆರೆಯುತ್ತದೆ. ಆ ಕ್ಷಣದಲ್ಲಿ ಭುಜಗಳನ್ನು ನಿಮ್ಮ ಕಡೆಗೆ ಒತ್ತಿಕೊಳ್ಳಿ, ಗಲ್ಲ (ಗದ್ದ) ಮೊದಲು ಎದೆಗೆ ತಾಗಲಿ. ಎದೆಯನ್ನು ಮಗುವಿನತ್ತ ಬಗ್ಗಿಸಬೇಡಿ, ಮಗುವನ್ನು ಎದೆಗೆ ತನ್ನಿ. ತಲೆಯ ಹಿಂಭಾಗವನ್ನು ತಳ್ಳಬೇಡಿ. ತಳ್ಳಿದರೆ ಗಲ್ಲ ಎದೆಗೂಡಿಗೆ ಅಂಟಿ ಬಾಯಿ ಮುಚ್ಚಿಕೊಳ್ಳುತ್ತದೆ, ಮಗು ಬಿಲ್ಲಿನಂತೆ ಹಿಂದಕ್ಕೆ ಬಾಗಿ ಒದ್ದಾಡುತ್ತದೆ. ಆಗ ನಾವು ಅದನ್ನು 'ಎದೆ ಬೇಡ ಅನ್ನುತ್ತಿದೆ' ಎಂದು ತಪ್ಪು ತಿಳಿಯುತ್ತೇವೆ.

ಸರಿಯಾಗಿ ಹಿಡಿದಿದ್ದರೆ ಗಲ್ಲ ಎದೆಯಲ್ಲಿ ಹುದುಗಿರುತ್ತದೆ, ಮೂಗು ಬಿಡುವಾಗಿರುತ್ತದೆ, ಕೆಳದುಟಿ ಹೊರಕ್ಕೆ ಮಡಿಚಿಕೊಂಡಿರುತ್ತದೆ, ಕೆನ್ನೆ ತುಂಬಿಕೊಂಡಿರುತ್ತದೆ. ಕಪ್ಪು ಭಾಗ ಕಾಣುವುದಾದರೆ ಮೇಲ್ದುಟಿಯ ಕಡೆ ಹೆಚ್ಚು, ಕೆಳಗೆ ಕಡಿಮೆ. ಮೊದಲ ದಿನಗಳಲ್ಲಿ ಹಿಡಿದ ಕೂಡಲೇ ಅರ್ಧ ನಿಮಿಷ ಎಳೆತದ ನೋವು ಇರಬಹುದು. ಅದು ಮುಂದುವರಿದರೆ, ಕೆನ್ನೆಯಲ್ಲಿ ಗುಳಿ ಬಿದ್ದರೆ, ಟಕ್ ಟಕ್ ಸದ್ದು ಬಂದರೆ ಬಿಡಿಸಿ ಮತ್ತೆ ಹಿಡಿಸಿ. ಬಿಡಿಸುವಾಗ ಎಳೆಯಬೇಡಿ. ತೊಳೆದ ಕಿರುಬೆರಳನ್ನು ಬಾಯಿಯ ಮೂಲೆಯಿಂದ ಒಸಡುಗಳ ನಡುವೆ ತೂರಿಸಿದರೆ ಹಿಡಿತ ತಾನಾಗಿ ಸಡಿಲುತ್ತದೆ. ಕುಡಿದಾದ ಮೇಲೆ ತೊಟ್ಟಿನ ಆಕಾರ ನೋಡಿ: ದುಂಡಗಿದ್ದರೆ ಸರಿ, ಹೊಸ ಲಿಪ್‌ಸ್ಟಿಕ್‌ನ ತುದಿಯಂತೆ ಓರೆಯಾಗಿ ಚಪ್ಪಟೆಯಾಗಿದ್ದರೆ ಹಿಡಿತ ಆಳವಾಗಿರಲಿಲ್ಲ.

ಜೋರಾಗಿ ಅಳುತ್ತಿರುವ ಮಗುವಿಗೆ ಹಿಡಿಸಲು ಹೋಗಬೇಡಿ. ಅಳುವಾಗ ನಾಲಿಗೆ ಮೇಲಕ್ಕೆ ಎದ್ದಿರುತ್ತದೆ, ಎದೆ ಒಳಹೋಗಲು ಜಾಗವೇ ಇರುವುದಿಲ್ಲ. ಮೊದಲು ಸಮಾಧಾನ, ಆಮೇಲೆ ಹಾಲು.

ಹಲವು ಸಲ ಪ್ರಯತ್ನಿಸಿದರೂ ಹಿಡಿತ ಕೂಡದಿದ್ದರೆ ಮಗುವಿನ ನಾಲಿಗೆಯ ಕೆಳಗಿನ ಪೊರೆ ಗಿಡ್ಡವಾಗಿದೆಯೇ ಎಂದು ಮಕ್ಕಳ ವೈದ್ಯರಿಂದ ನೋಡಿಸಿ. ಪೊರೆ ಗಿಡ್ಡವಾಗಿದ್ದ ಮಾತ್ರಕ್ಕೆ ಕತ್ತರಿಸಬೇಕೆಂದಿಲ್ಲ. ಕುಡಿಯಲು ನಿಜವಾಗಿ ಅಡ್ಡಿಯಾಗುತ್ತಿದ್ದರೆ ಮಾತ್ರ ಆ ಮಾತು.

ಸಿಸೇರಿಯನ್ ಗಾಯದ ಮೇಲೆ ಮಗುವಿನ ಕಾಲು ಬಡಿಯುತ್ತದೆ. ಏನು ಮಾಡಲಿ?

ಮಗುವನ್ನು ಹೊಟ್ಟೆಯ ಮೇಲಿಂದ ತರುವುದೇ ಬೇಡ. ಕಂಕುಳಲ್ಲಿ ಕೈಚೀಲ ಇರುಕಿಕೊಂಡ ಹಾಗೆ ಹಿಡಿಯಿರಿ: ಪಕ್ಕದಲ್ಲಿ ದಿಂಬು, ಅದರ ಮೇಲೆ ಮಗು, ಕಾಲುಗಳು ನಿಮ್ಮ ಬೆನ್ನಿನ ಕಡೆ, ತಲೆ ನಿಮ್ಮ ಅಂಗೈಯಲ್ಲಿ. ಅವಳಿ ಮಕ್ಕಳಿಗೆ ಒಟ್ಟಿಗೆ ಕುಡಿಸಲೂ ಇದೇ ಅನುಕೂಲ. ಇಲ್ಲವೇ ಒಂದು ಮಗ್ಗುಲಿಗೆ ಮಲಗಿ, ಮಗುವನ್ನೂ ನಿಮ್ಮತ್ತ ತಿರುಗಿಸಿ ಮಲಗಿಸಿ ಕೊಡಿ. ಸೋಫಾದ ಮೇಲೆ, ಒರಗು ಕುರ್ಚಿಯಲ್ಲಿ ಮಗುವನ್ನು ಹಿಡಿದು ತೂಕಡಿಸುವುದು ಮಾತ್ರ ಅಪಾಯ: ಸಂದಿಯಲ್ಲಿ ಸಿಲುಕಿ ಮಗುವಿಗೆ ಉಸಿರು ಕಟ್ಟಬಹುದು. ನಿದ್ದೆ ಬರುವಂತಿದ್ದರೆ ಮಗುವನ್ನು ಅದರ ಹಾಸಿಗೆಯಲ್ಲಿ ಅಂಗಾತ ಮಲಗಿಸಿ.

ದಿನಕ್ಕೆ ಎಷ್ಟು ಸಲ, ಎಷ್ಟು ನಿಮಿಷ?

24 ಗಂಟೆಯಲ್ಲಿ 8ರಿಂದ 12 ಸಲ. ನಿಮಿಷ ಎಣಿಸಬೇಡಿ. 10 ನಿಮಿಷದಲ್ಲಿ ಮುಗಿಸುವ ಮಕ್ಕಳಿವೆ, 40 ನಿಮಿಷ ತೆಗೆದುಕೊಳ್ಳುವವೂ ಇವೆ. ಒಂದು ಎದೆಯನ್ನು ಮಗು ತಾನಾಗಿ ಬಿಡುವವರೆಗೆ ಕೊಡಿ, ತೇಗಿಸಿ, ಆಮೇಲೆ ಇನ್ನೊಂದನ್ನು ಮುಂದಿಡಿ. ಎದೆ ಖಾಲಿಯಾಗುತ್ತ ಬಂದಂತೆ ಹಾಲಿನ ಕೊಬ್ಬಿನಂಶ ಏರುತ್ತ ಹೋಗುತ್ತದೆ, ಗಡಿಯಾರ ನೋಡಿ ನಡುವೆ ಎಳೆದರೆ ಅದು ತಪ್ಪುತ್ತದೆ. ಮುಂದಿನ ಸಲ ಎರಡನೇ ಎದೆಯಿಂದ ಶುರು ಮಾಡಿ.

ಮಗು ತಲೆ ಹೊರಳಿಸಿ ಹುಡುಕುವುದು, ಕೈ ಬಾಯಿಗೊಯ್ಯುವುದು, ತುಟಿ ಚಪ್ಪರಿಸುವುದು ಹಸಿವಿನ ಮೊದಲ ಸೂಚನೆಗಳು. ಅಳು ಕೊನೆಯದು. ಕೆಲವು ಮಕ್ಕಳು, ಅದರಲ್ಲೂ ಕಾಮಾಲೆ ಇರುವವು ಮತ್ತು ದಿನ ತುಂಬುವ ಮೊದಲೇ ಹುಟ್ಟಿದವು, ಹಸಿದಿದ್ದರೂ ಮಲಗಿಯೇ ಇರುತ್ತವೆ. ಹುಟ್ಟಿದಾಗಿನ ತೂಕಕ್ಕೆ ಮರಳುವ ತನಕ ಹಗಲು 3 ಗಂಟೆ, ರಾತ್ರಿ 4 ಗಂಟೆ ಮೀರದಂತೆ ಎಬ್ಬಿಸಿ ಕುಡಿಸಿ. ಹೊದಿಕೆ ಬಿಚ್ಚಿ, ಡೈಪರ್ ಬದಲಿಸಿ, ಅಂಗಾಲು ಉಜ್ಜಿ. ಇಷ್ಟಾದರೂ ಎದೆಗೆ ಬಾಯಿ ಹಾಕುವಷ್ಟು ಎಚ್ಚರವಾಗದ ಮಗುವನ್ನು ಅಂದೇ ವೈದ್ಯರಿಗೆ ತೋರಿಸಿ.

ಹಾಲು ಸಾಲುತ್ತಿದೆ ಎಂದು ಗೊತ್ತಾಗುವುದು ಹೇಗೆ?

ಮೊದಲು ಗುಟುಕು. ಶುರುವಿನಲ್ಲಿ ಮಗು ಬೇಗ ಬೇಗ, ಮೇಲುಮೇಲೆ ಚೀಪುತ್ತದೆ. ಹಾಲು ಇಳಿಯತೊಡಗಿದ ಮೇಲೆ ಲಯ ನಿಧಾನವಾಗುತ್ತದೆ: ಗಲ್ಲ ಕೆಳಕ್ಕೆ ಹೋಗಿ ಒಂದು ಚಣ ನಿಂತು ಮೇಲೆ ಬರುತ್ತದೆ, ಜೊತೆಗೆ 'ಕಹ್' ಎಂಬ ಮೆಲ್ಲನೆಯ ಉಸಿರು ಕೇಳಿಸುತ್ತದೆ. ಆ ಚಣದ ನಿಲುಗಡೆಯಲ್ಲೇ ಬಾಯಿಗೆ ಹಾಲು ತುಂಬುವುದು. ಒಂದು ಸಲ ಗುರುತಿಸಿದಿರೆಂದರೆ ಕತ್ತಲೆಯಲ್ಲೂ ತಿಳಿಯುತ್ತದೆ.

ಎರಡನೆಯದು ಡೈಪರ್. ಮೊದಲ ದಿನ ಕನಿಷ್ಠ ಒಂದು ಸಲ ಮೂತ್ರ, ಎರಡನೇ ದಿನ ಎರಡು, ಮೂರನೇ ದಿನ ಮೂರು, ಹೀಗೆ ಏರುತ್ತ ಆರನೇ ದಿನದಿಂದ ದಿನಕ್ಕೆ 6 ಅಥವಾ ಹೆಚ್ಚು ಚೆನ್ನಾಗಿ ಒದ್ದೆಯಾದ ಡೈಪರ್. ಈಗಿನ ಡೈಪರ್‌ಗಳಲ್ಲಿ ಒದ್ದೆ ತಿಳಿಯುವುದು ಕಷ್ಟ; ಒಣ ಡೈಪರ್‌ಗೆ ಮೂರು ದೊಡ್ಡ ಚಮಚ ನೀರು ಸುರಿದು ಕೈಯಲ್ಲಿ ತೂಗಿ ನೋಡಿ, ಅಂದಾಜು ಸಿಗುತ್ತದೆ. ಮಲ ಮೊದಲೆರಡು ದಿನ ಟಾರಿನಂತೆ ಕಪ್ಪು, ಮೂರು-ನಾಲ್ಕನೇ ದಿನ ಹಸಿರು, ಐದನೇ ದಿನದ ಹೊತ್ತಿಗೆ ಹಳದಿ, ತೆಳ್ಳಗೆ, ನಡುವೆ ಸಣ್ಣ ಕಾಳಿನಂಥ ಚೂರುಗಳು. ಮೊದಲ ತಿಂಗಳು ದಿನಕ್ಕೆ ಮೂರು-ನಾಲ್ಕು ಸಲ ಆಗಬೇಕು. ಅದು ಭೇದಿಯಲ್ಲ. ಮೊದಲ ಎರಡು-ಮೂರು ದಿನ ಡೈಪರ್‌ನಲ್ಲಿ ಇಟ್ಟಿಗೆ ಪುಡಿಯಂಥ ಕೆಂಪು ಕಲೆ ಕಾಣಬಹುದು, ಅದು ಮೂತ್ರದಲ್ಲಿರುವ ಯೂರೇಟ್ ಎಂಬ ಲವಣದ ಹರಳು. ನಾಲ್ಕನೇ ದಿನದ ನಂತರವೂ ಕಂಡರೆ, ಅಥವಾ ಐದನೇ ದಿನವೂ ಮಲ ಕಪ್ಪಾಗಿಯೇ ಇದ್ದರೆ, ಮಗುವಿಗೆ ಹಾಲು ಹೋಗುತ್ತಿಲ್ಲ ಎಂದೇ ತಿಳಿದು ವೈದ್ಯರ ಬಳಿ ಹೋಗಿ. ಆರು ವಾರ ಕಳೆದ ಮೇಲೆ ಮಾತ್ರ ಕೆಲವು ಮಕ್ಕಳು ಹಲವು ದಿನಕ್ಕೊಮ್ಮೆ ಮಲ ಮಾಡುತ್ತವೆ. ಮೆತ್ತಗಿದ್ದು, ಮಗು ಲವಲವಿಕೆಯಿಂದಿದ್ದು ತೂಕ ಏರುತ್ತಿದ್ದರೆ ಅದು ಮಲಬದ್ಧತೆಯಲ್ಲ.

ಮೂರನೆಯದು ತೂಕ. ಮೊದಲ ದಿನಗಳಲ್ಲಿ ಬಹುತೇಕ ಎಲ್ಲ ಮಕ್ಕಳೂ ಇಳಿಯುತ್ತವೆ. 3 ಕೆ.ಜಿ. ಮಗು 200 ಗ್ರಾಂ ಇಳಿದರೆ ಸಹಜ; 300 ಗ್ರಾಂ, ಅಂದರೆ ಶೇ. 10ರಷ್ಟು ಇಳಿದರೆ ಹಾಲು ಕುಡಿಯುವುದನ್ನು ಅನುಭವಿಗಳು ಕುಳಿತು ನೋಡಬೇಕು. 10ರಿಂದ 14 ದಿನದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ಆಮೇಲೆ ಮೂರು ತಿಂಗಳ ತನಕ ದಿನಕ್ಕೆ 20ರಿಂದ 30 ಗ್ರಾಂ ಏರಿಕೆ. ಒಂದೇ ತಕ್ಕಡಿ, ಬಟ್ಟೆಯಿಲ್ಲದ ಮಗು, ವಾರಕ್ಕೊಮ್ಮೆ ಸಾಕು. ದಿನವೂ ತೂಗಿದರೆ ಒಂದು ಮೂತ್ರದ ವ್ಯತ್ಯಾಸವೇ ನಿಮ್ಮ ನಿದ್ದೆ ಕೆಡಿಸುತ್ತದೆ.

ಎದೆ ಮೊದಲಿನಂತೆ ಬಿಗಿಯುತ್ತಿಲ್ಲ, ಹಾಲು ಸೋರುತ್ತಿಲ್ಲ, ಪಂಪ್ ಹಚ್ಚಿದರೆ ಸ್ವಲ್ಪವೇ ಬರುತ್ತದೆ, ಮಗು ಆಗಾಗ ಕೇಳುತ್ತದೆ: ಈ ನಾಲ್ಕೂ ಹಾಲು ಕಡಿಮೆಯಾದ ಲಕ್ಷಣಗಳಲ್ಲ. ಆರು ವಾರದ ಹೊತ್ತಿಗೆ ಎದೆ ಮೆತ್ತಗಾಗುವುದು ದೇಹ ಮಗುವಿನ ಲೆಕ್ಕಕ್ಕೆ ಹೊಂದಿಕೊಂಡದ್ದರ ಗುರುತು.

ಹಗಲೆಲ್ಲ ಚೆನ್ನಾಗಿರುತ್ತದೆ. ಸಂಜೆಯಾದರೆ ಅರ್ಧ ಗಂಟೆಗೊಮ್ಮೆ ಎದೆಗೆ ಬಂದು ರಂಪ ಮಾಡುತ್ತದೆ. ಯಾಕೆ?

ಬಹುತೇಕ ಮಕ್ಕಳು ಮೊದಲ ಎರಡು-ಮೂರು ತಿಂಗಳು ಹೀಗೆಯೇ. ಸಂಜೆಯ ಹೊತ್ತು ಒಂದು ಸಲಕ್ಕೆ ಸಿಗುವ ಹಾಲು ಕಡಿಮೆ, ಮಗು ಗುಟುಕು ಗುಟುಕಾಗಿ ಹಲವು ಸಲ ಕುಡಿದು ಲೆಕ್ಕ ಸರಿಮಾಡಿಕೊಳ್ಳುತ್ತದೆ. ಎರಡು-ಮೂರು ವಾರ, ಆರು ವಾರ, ಮೂರು ತಿಂಗಳ ಆಸುಪಾಸಿನಲ್ಲಿ ಇದು ಒಂದೆರಡು ದಿನ ಇನ್ನೂ ಜೋರಾಗುವುದುಂಟು. ಡಬ್ಬಿ ಹಾಲು ಮನೆಯೊಳಗೆ ಬರುವುದು ಹೆಚ್ಚಾಗಿ ಇಂಥ ಸಂಜೆಗಳಲ್ಲೇ. ಡೈಪರ್ ಲೆಕ್ಕ ಸರಿಯಿದ್ದರೆ ಬೇಕಾಗಿಲ್ಲ. ನೀರಿನ ಬಾಟಲಿ, ತಿನ್ನಲು ಏನಾದರೂ ಪಕ್ಕದಲ್ಲಿಟ್ಟುಕೊಂಡು ಆ ಎರಡು ಗಂಟೆ ಬೇರೆ ಕೆಲಸವಿಲ್ಲ ಎಂದು ಕುಳಿತುಬಿಡಿ. ಮನೆಯವರಿಗೆ ಅಡುಗೆ ವಹಿಸಿ.

ನಿಜವಾಗಿಯೂ ಹಾಲು ಕಡಿಮೆಯಿದ್ದರೆ?

ಸೇದಿದಷ್ಟೂ ಊರುವ ಬಾವಿಯಂತೆ ಎದೆಯೂ. ಹಾಲು ಒಳಗೆ ನಿಂತಷ್ಟು ಹೊತ್ತು 'ಸಾಕು' ಎಂಬ ಸಂದೇಶ ಹೋಗುತ್ತದೆ, ತಯಾರಿಕೆ ನಿಧಾನವಾಗುತ್ತದೆ. ಖಾಲಿಯಾದರೆ ಚುರುಕಾಗುತ್ತದೆ. ಹಾಗಾಗಿ 'ಎದೆ ತುಂಬಿಕೊಳ್ಳಲಿ' ಎಂದು ಕಾಯುವುದು ತಿರುಗುಬಾಣ.

ಮೊದಲು ಹಿಡಿತ ಸರಿಮಾಡಿ. ಮಗು ಗುಟುಕರಿಸುವುದು ನಿಂತು ಬರೀ ಚೀಪತೊಡಗಿದಾಗ ಅಂಗೈ ತುಂಬ ಎದೆ ಹಿಡಿದು ಮೆಲ್ಲಗೆ ಅದುಮಿ ಹಿಡಿಯಿರಿ, ಮತ್ತೆ ಗುಟುಕು ಶುರುವಾಗುತ್ತದೆ. ನಿಂತಾಗ ಬಿಟ್ಟು ಬೇರೆ ಜಾಗದಲ್ಲಿ ಅದುಮಿ. ಕುಡಿದಾದ ಮೇಲೆ ಕೈಯಿಂದಲೋ ಪಂಪಿನಿಂದಲೋ 10 ನಿಮಿಷ ಹಿಂಡಿ ತೆಗೆದು, ಬಂದಷ್ಟನ್ನು ಚಮಚದಲ್ಲಿ ಅಥವಾ ಒಳಲೆಯಲ್ಲಿ ಮಗುವಿಗೇ ಕೊಡಿ. ರಾತ್ರಿಯ ಹಾಲು ತಪ್ಪಿಸಬೇಡಿ, ಹಾಲು ತಯಾರಿಸಲು ಹೇಳುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿ ಹೆಚ್ಚಿರುತ್ತದೆ. ಹಾಲು ಹೆಚ್ಚಿಸುತ್ತವೆ ಎನ್ನುವ ಪುಡಿ, ಮಾತ್ರೆಗಳು ಎದೆ ಖಾಲಿಮಾಡುವ ಈ ಕೆಲಸದ ಬದಲಿಗೆ ನಿಲ್ಲಲಾರವು.

ಥೈರಾಯ್ಡ್ ತೊಂದರೆ, ಒಳಗೆ ಉಳಿದ ಮಾಸಿನ ಚೂರು, ಹಿಂದೆ ಆಗಿದ್ದ ಎದೆಯ ಶಸ್ತ್ರಚಿಕಿತ್ಸೆ, ಹಾಲಿನ ಗ್ರಂಥಿಗಳೇ ಸಾಕಷ್ಟು ಬೆಳೆದಿರದಿರುವುದು ಇಂಥ ಕಾರಣಗಳಿಂದ ನಿಜವಾಗಿ ಹಾಲು ಕಡಿಮೆಯಾಗುವವರೂ ಇದ್ದಾರೆ. ತೂಕ ಏರದ ಮಗುವಿಗೆ ವೈದ್ಯರು ಮೇಲುಹಾಲು ಹೇಳಿದರೆ ಕೊಡಿ; ಹೊಟ್ಟೆ ತುಂಬಿದ ಮಗುವೇ ಎದೆಯಲ್ಲೂ ಚೆನ್ನಾಗಿ ಕುಡಿಯುತ್ತದೆ. ಮೇಲುಹಾಲು ಕೊಟ್ಟಷ್ಟು ಸಲ ಎದೆ ಹಿಂಡುವುದನ್ನು ಬಿಡಬೇಡಿ. ಅರ್ಧ ಎದೆಹಾಲು, ಅರ್ಧ ಮೇಲುಹಾಲು ಎಂದಾದರೂ ಆ ಅರ್ಧ ವ್ಯರ್ಥವಲ್ಲ, ನೀವು ಸೋತದ್ದೂ ಅಲ್ಲ.

ಎದೆ ಚಿಕ್ಕದು. ತೊಟ್ಟು ಒಳಗೆ ಹೋಗಿದೆ. ಆಗುತ್ತದೆಯೇ?

ಆಗುತ್ತದೆ. ಗಾತ್ರ ಹೆಚ್ಚಾಗಿ ಕೊಬ್ಬಿನದು, ಹಾಲು ಗ್ರಂಥಿಯದು. ಮಗು ಹಿಡಿಯುವುದು ಎದೆಯನ್ನಾದ್ದರಿಂದ ಒಳಸರಿದ ತೊಟ್ಟಿದ್ದರೂ ಬಹಳಷ್ಟು ಮಕ್ಕಳು ಕುಡಿಯುತ್ತವೆ. ಕುಡಿಸುವ ಮುನ್ನ ಒಂದು ನಿಮಿಷ ಕೈಯಿಂದಲೋ ಪಂಪಿನಿಂದಲೋ ತೊಟ್ಟು ಮುಂದೆ ಬರಿಸಿಕೊಳ್ಳಿ.

ತೊಟ್ಟು ಬಿರಿದು ರಕ್ತ ಬರುತ್ತಿದೆ.

ಮುಲಾಮು ಎರಡನೆಯ ಮಾತು, ಮೊದಲು ಹಿಡಿತ. ಅದು ಸರಿಯಾಗದೆ ಯಾವ ಮುಲಾಮೂ ನಿಲ್ಲದು. ಕಡಿಮೆ ನೋಯುವ ಕಡೆಯಿಂದ ಶುರು ಮಾಡಿ, ಮಗುವನ್ನು ಹಿಡಿಯುವ ಭಂಗಿ ಬದಲಿಸಿ. ಕುಡಿಸಿದ ಮೇಲೆ ಎರಡು ಹನಿ ಹಾಲನ್ನೇ ಸವರಿ ಆರಲು ಬಿಡಿ, ಅಥವಾ ಶುದ್ಧ ಲ್ಯಾನೊಲಿನ್ (ಕುರಿಯ ಉಣ್ಣೆಯಿಂದ ತೆಗೆದ ಮೇಣ) ತೆಳ್ಳಗೆ ಹಚ್ಚಿ. ಅದನ್ನು ಒರೆಸಿ ತೆಗೆಯಬೇಕಿಲ್ಲ. ಸೋಪು ಹಾಕಿ ಉಜ್ಜಬೇಡಿ. ಒದ್ದೆ ಪ್ಯಾಡ್ ಕೂಡಲೇ ಬದಲಿಸಿ. ತಡೆಯಲಾರದಷ್ಟು ನೋವಿದ್ದರೆ ಒಂದು ದಿನ ಆ ಕಡೆಯ ಹಾಲನ್ನು ಕೈಯಿಂದ ಹಿಂಡಿ ಕೊಡಿ. ಹಾಲಿನಲ್ಲಿ ಸೇರಿದ ಸ್ವಲ್ಪ ರಕ್ತದಿಂದ ಮಗುವಿಗೆ ತೊಂದರೆಯಿಲ್ಲ.

ಚೆನ್ನಾಗಿದ್ದ ತೊಟ್ಟು ವಾರಗಳ ನಂತರ ಇದ್ದಕ್ಕಿದ್ದಂತೆ ಉರಿಯತೊಡಗಿ, ಹೊಳೆಯುತ್ತ ತುರಿಸಿ, ಮಗುವಿನ ಬಾಯಲ್ಲಿ ಒರೆಸಿದರೂ ಹೋಗದ ಬಿಳಿ ಪದರ ಕಂಡರೆ ಅದು ಬೂಷ್ಟಿನ ಸೋಂಕಿರಬಹುದು. ತಾಯಿ, ಮಗು ಇಬ್ಬರಿಗೂ ಒಟ್ಟಿಗೆ ಔಷಧಿ ಬೇಕು.

ಮೂರನೇ ದಿನ ಎದೆ ಕಲ್ಲಾಗಿದೆ, ಮಗುವಿಗೆ ಬಾಯಿ ಹಾಕಲೂ ಆಗುತ್ತಿಲ್ಲ.

ತುಂಬಿರುವುದು ಹಾಲಷ್ಟೇ ಅಲ್ಲ, ಊತದ ನೀರೂ. ಹೆರಿಗೆಯಲ್ಲಿ ಡ್ರಿಪ್ ಹೆಚ್ಚು ಹಾಕಿಸಿಕೊಂಡವರಿಗೆ ಇನ್ನೂ ಜೋರು. ಎರಡೂ ಕೈಯ ಬೆರಳ ತುದಿಗಳನ್ನು ತೊಟ್ಟಿನ ಬುಡದ ಸುತ್ತ ಇಟ್ಟು ಎದೆಗೂಡಿನ ಕಡೆಗೆ ಮೆಲ್ಲಗೆ ಒಂದು ನಿಮಿಷ ಒತ್ತಿ ಹಿಡಿಯಿರಿ. ನೀರು ಹಿಂದೆ ಸರಿದು ಸುತ್ತ ಸಣ್ಣ ಗುಳಿಗಳು ಬೀಳುತ್ತವೆ, ಕಪ್ಪು ಭಾಗ ಮೆತ್ತಗಾಗುತ್ತದೆ. ಕೂಡಲೇ ಮಗುವಿಗೆ ಹಿಡಿಸಿ. ಕುಡಿಸಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ 10 ನಿಮಿಷ ಇಡಿ. ಬಿಗಿತ ತಡೆಯದಿದ್ದರೆ ಹಾಯೆನಿಸುವಷ್ಟು ಮಾತ್ರ ಹಿಂಡಿ. ಪೂರ್ತಿ ಖಾಲಿ ಮಾಡಿದರೆ ದೇಹ ಇನ್ನಷ್ಟು ಬೇಕೆಂದು ತಿಳಿಯುತ್ತದೆ.

ಒಂದು ಕಡೆ ಗಂಟಾಗಿ ಬಿಸಿಯಾಗಿದೆ, ಮೈಯೆಲ್ಲ ನೋವು, ಜ್ವರ. ಹಾಲು ನಿಲ್ಲಿಸಬೇಕೇ?

ನಿಲ್ಲಿಸಬೇಡಿ. ಇದು ಎದೆಯ ಉರಿಯೂತ, ಮ್ಯಾಸ್ಟೈಟಿಸ್. ಹಾಲು ಮಗುವಿಗೆ ಸುರಕ್ಷಿತ, ತಟ್ಟನೆ ನಿಲ್ಲಿಸಿದರೆ ಕೀವು ಕಟ್ಟುವ ಅಪಾಯ ಹೆಚ್ಚು. ಕಂದು ಅಥವಾ ಕಪ್ಪು ಚರ್ಮದಲ್ಲಿ ಕೆಂಪು ಎದ್ದು ಕಾಣದೆ ಇರಬಹುದು; ಬಿಸಿ, ಹೊಳಪು, ಮುಟ್ಟಿದರೆ ನೋವು ಇವನ್ನು ಗಮನಿಸಿ.

ಗಂಟನ್ನು ಬಲವಾಗಿ ತಿಕ್ಕಿ, ಬಿಸಿ ಶಾಖ ಕೊಟ್ಟು, ಪಂಪ್ ಹಚ್ಚಿ ಖಾಲಿಮಾಡಿ ಎಂಬುದು ಹಳೆಯ ಸಲಹೆ. ಈಗ ಅದನ್ನು ಬಿಡಲಾಗಿದೆ: ತಿಕ್ಕಿದರೆ ಊತ ಹೆಚ್ಚುತ್ತದೆ, ಅತಿಯಾಗಿ ಹಿಂಡಿದರೆ ಹಾಲೂ ಊತವೂ ಏರುತ್ತವೆ. ಮಗು ಕುಡಿಯುವಷ್ಟು ಎಂದಿನಂತೆ ಕುಡಿಸಿ, ನಡುನಡುವೆ ತಣ್ಣನೆ ಪಟ್ಟಿ ಇಡಿ, ಐಬುಪ್ರೊಫೆನ್ ಅಥವಾ ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ, ಬಿಗಿ ಬ್ರಾ ಬಿಡಿ, ಮಲಗಿ. 24 ಗಂಟೆಯಲ್ಲಿ ಇಳಿಮುಖವಾಗದಿದ್ದರೆ, ಅಥವಾ ಶುರುವಿನಿಂದಲೇ ತೀವ್ರವಾಗಿದ್ದರೆ, ವೈದ್ಯರನ್ನು ಕಾಣಿ. ಆ್ಯಂಟಿಬಯಾಟಿಕ್ ಬರೆದರೆ ಕೋರ್ಸ್ ಮುಗಿಸಿ. ಅದಾದ ಮೇಲೂ ಗಂಟು ಉಳಿದರೆ ಕೀವು ಇದೆಯೇ ಎಂದು ಸ್ಕ್ಯಾನ್‌ನಲ್ಲಿ ನೋಡಬೇಕಾಗುತ್ತದೆ.

ಸೆಖೆ ಜಾಸ್ತಿ. ಮಗುವಿಗೆ ನೀರು ಕುಡಿಸಲೇ?

ಆರು ತಿಂಗಳ ತನಕ ಬೇಡ. ಎದೆಹಾಲಿನಲ್ಲಿ ಶೇ. 87ರಷ್ಟು ನೀರೇ. ಬೇಕಿದ್ದರೆ ಇನ್ನೊಂದು ಸಲ ಎದೆ ಕೊಡಿ. ಆರು ತಿಂಗಳೊಳಗೆ ಹೊರಗಿನಿಂದ ಬೇಕಾಗುವುದು ವಿಟಮಿನ್ ಡಿ ಹನಿ, ಸಾಮಾನ್ಯವಾಗಿ ದಿನಕ್ಕೆ 400 ಯೂನಿಟ್. ಚಮಚದ ಬದಲು ಸೀಸೆಯ ಜೊತೆ ಬಂದ ಡ್ರಾಪರ್‌ನಲ್ಲೇ ಅಳೆಯಿರಿ.

ಮಗುವಿಗೆ ಕಾಮಾಲೆ. ಎದೆಹಾಲು ಬಿಡಿಸಲು ಹೇಳುತ್ತಾರೆ.

ಮೈ ಹಳದಿಯಾಗಲು ಕಾರಣವಾದ ಬಿಲಿರುಬಿನ್ ಎಂಬ ವಸ್ತು ಮಲದ ಮೂಲಕ ಹೊರಹೋಗಬೇಕು. ಹಾಲು ಕಡಿಮೆಯಾದರೆ ಮಲ ಕಡಿಮೆ, ಕರುಳಿನಲ್ಲೇ ಉಳಿದ ಬಿಲಿರುಬಿನ್ ಮತ್ತೆ ರಕ್ತಕ್ಕೆ ಸೇರುತ್ತದೆ. ಆದ್ದರಿಂದ ಇನ್ನೂ ಹೆಚ್ಚು ಸಲ ಕುಡಿಸಬೇಕು. ಹಳದಿ ಎರಡು-ಮೂರನೇ ದಿನ ಕಾಣಿಸಿಕೊಳ್ಳುವುದು ಸಾಮಾನ್ಯ. ಮೊದಲ 24 ಗಂಟೆಯಲ್ಲೇ ಕಂಡರೆ, ಅಂಗೈ-ಅಂಗಾಲಿಗೆ ಇಳಿದರೆ, ಮಗು ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಎಳೆ ಬಿಸಿಲು ಚಿಕಿತ್ಸೆಯಲ್ಲ. ಆಸ್ಪತ್ರೆಯಲ್ಲಿ ಕೊಡುವ ಬೆಳಕಿನ ಚಿಕಿತ್ಸೆಯ ನಡುವೆಯೂ ಎದೆ ಕೊಡಬಹುದು.

ನನಗೇ ಜ್ವರ, ಕೆಮ್ಮು. ಮಾತ್ರೆ ನುಂಗಬಹುದೇ?

ಸಾಮಾನ್ಯ ನೆಗಡಿ, ಜ್ವರ, ಭೇದಿಗೆ ಹಾಲು ನಿಲ್ಲಿಸಬೇಕಿಲ್ಲ. ನಿಮ್ಮ ದೇಹ ತಯಾರಿಸುವ ಪ್ರತಿಕಾಯಗಳು ಹಾಲಿನಲ್ಲಿ ಮಗುವಿಗೂ ಹೋಗುತ್ತವೆ. ಕೈ ತೊಳೆದು, ಮಾಸ್ಕ್ ಹಾಕಿಕೊಂಡು ಕೊಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಎರಡೂ ಆಗುತ್ತವೆ. ಕೊಡೀನ್, ಟ್ರಮಡಾಲ್ ಎಂಬ ನೋವುನಿವಾರಕಗಳು ಬೇಡ: ಕೆಲವರ ದೇಹದಲ್ಲಿ ಅವು ಬೇಗನೆ ತೀವ್ರ ರೂಪಕ್ಕೆ ಬದಲಾಗಿ ಮಗುವಿನ ಉಸಿರಾಟ ಕುಗ್ಗಿಸಬಹುದು. ಕಟ್ಟಿದ ಮೂಗಿಗೆ ಕೊಡುವ ಸ್ಯೂಡೊಎಫೆಡ್ರಿನ್, ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ ಹಾಲು ತಗ್ಗಿಸಬಲ್ಲವು. ಎಚ್‌ಐವಿ, ಕ್ಷಯ, ಕ್ಯಾನ್ಸರ್ ಚಿಕಿತ್ಸೆ, ಎದೆಯ ಮೇಲೆ ಹರ್ಪಿಸ್ ಹುಣ್ಣು ಇದ್ದರೆ ನಿರ್ಧಾರ ವೈದ್ಯರ ಜೊತೆ ಕುಳಿತು ಆಗಬೇಕು.

ನಾನು ಏನು ತಿನ್ನಬಾರದು?

ಪಟ್ಟಿ ಚಿಕ್ಕದು. ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ಬೇಕು, ಪಥ್ಯದ ಹೆಸರಲ್ಲಿ ಊಟ ಕಡಿಮೆ ಮಾಡಬೇಡಿ. ಬಾಯಾರಿದಷ್ಟು ನೀರು ಕುಡಿಯಿರಿ; ಬಲವಂತವಾಗಿ ಕುಡಿದರೆ ಹಾಲು ಹೆಚ್ಚದು. ಕಾಫಿ ದಿನಕ್ಕೆ ಎರಡು ಲೋಟ ಮೀರದಿರಲಿ. ಮದ್ಯ ಬೇಡ, ಕುಡಿದಿದ್ದರೆ ಪ್ರತಿ ಪೆಗ್‌ಗೆ ಕನಿಷ್ಠ 2 ಗಂಟೆ ಕಾಯಬೇಕು, ಹಾಲು ಹಿಂಡಿ ಚೆಲ್ಲಿದರೆ ಮದ್ಯ ಬೇಗ ಇಳಿಯುವುದಿಲ್ಲ. ನೀವು ಒಂದು ಪದಾರ್ಥ ತಿಂದಾಗಲೆಲ್ಲ ಮಗುವಿನ ಮಲದಲ್ಲಿ ರಕ್ತ ಅಥವಾ ಮೈಮೇಲೆ ದದ್ದು ಕಂಡರೆ ಆಗ ಮಾತ್ರ ವೈದ್ಯರನ್ನು ಕೇಳಿ ಅದೊಂದನ್ನು ಬಿಡಿ.

ಕೆಲಸಕ್ಕೆ ಮರಳಬೇಕು. ಹಾಲು ಹಿಂಡಿ ಇಡುವುದು ಹೇಗೆ?

ಕೈಯಿಂದ ಹಿಂಡಲು ಕಲಿತಿರಿ, ಕರೆಂಟ್ ಇಲ್ಲದಾಗಲೂ ನಡೆಯುತ್ತದೆ. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನಿಂದ 2-3 ಸೆಂ.ಮೀ. ಹಿಂದೆ ಇಡಿ. ಮೊದಲು ಎದೆಗೂಡಿನ ಕಡೆ ಒತ್ತಿ, ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಅದುಮಿ, ಸಡಿಲಿಸಿ. ಚರ್ಮದ ಮೇಲೆ ಜಾರಿಸಬೇಡಿ, ತೊಟ್ಟನ್ನು ಎಳೆಯಬೇಡಿ. ಮೊದಲ ಒಂದೆರಡು ನಿಮಿಷ ಏನೂ ಬರದಿದ್ದರೂ ಬಿಡದೆ ಮುಂದುವರಿಸಿ. ಪಂಪ್ ಬಳಸುವುದಾದರೆ ಕೊಳವೆಯಲ್ಲಿ ತೊಟ್ಟು ಉಜ್ಜದೆ ಸರಾಗವಾಗಿ ಆಡಬೇಕು, ಕಪ್ಪು ಭಾಗ ಬಹಳ ಎಳೆದುಕೊಳ್ಳಬಾರದು. ನೋವಾದರೆ ಎದೆಗೆ ಇಡುವ ಪಂಪಿನ ಬಟ್ಟಲಿನ ಅಳತೆ ಬದಲಿಸಿ. ಮಗು ಕುಡಿಯುವ ಸಲಗಳ ನಡುವೆ ಹಿಂಡಿದಾಗ ಎರಡೂ ಎದೆ ಸೇರಿ 15ರಿಂದ 60 ಮಿ.ಲೀ. ಬರುವುದು ಸಹಜ.

ಒಂದರಿಂದ ಆರು ತಿಂಗಳ ನಡುವಿನ ಮಗು ದಿನಕ್ಕೆ ಸರಾಸರಿ 750-800 ಮಿ.ಲೀ. ಕುಡಿಯುತ್ತದೆ. ಹಾಗಾಗಿ ನೀವು ಇಲ್ಲದ ಪ್ರತಿ ಗಂಟೆಗೆ 30 ಮಿ.ಲೀ. ಲೆಕ್ಕ ಹಿಡಿಯಿರಿ, 8 ಗಂಟೆಗೆ 240. ಕೆಲಸದಲ್ಲಿ ಮೂರು ಗಂಟೆಗೊಮ್ಮೆ ಹಿಂಡಿ.

ಹಿಂಡಿದ ಹಾಲು 25 ಡಿಗ್ರಿ ಮೀರದ ಕೋಣೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ, ಫ್ರೀಜರ್‌ನಲ್ಲಿ 6 ತಿಂಗಳು ಇಡಬಹುದು. ಸೆಖೆ ಹೆಚ್ಚಿದ್ದರೆ ಹಿಂಡಿದ ಕೂಡಲೇ ಫ್ರಿಜ್‌ಗೆ ಸೇರಿಸಿ, ಬಾಗಿಲಿನಲ್ಲಲ್ಲ, ಒಳಗಿನ ಗೋಡೆಯ ಪಕ್ಕ. 60ರಿಂದ 100 ಮಿ.ಲೀ. ಅಳತೆಯಲ್ಲಿ ತುಂಬಿ ದಿನಾಂಕ ಬರೆಯಿರಿ. ಕೆನೆ ಮೇಲೆ ಬೇರೆಯಾಗಿ ನಿಲ್ಲುತ್ತದೆ, ಹಾಲು ಕೆಟ್ಟಿಲ್ಲ. ಸೀಸೆ ತಿರುಗಿಸಿದರೆ ಬೆರೆಯುತ್ತದೆ. ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಿ. ಮೈಕ್ರೊವೇವ್ ಬೇಡ, ಅಲ್ಲಲ್ಲಿ ಸುಡುವಷ್ಟು ಕಾಯುತ್ತದೆ. ಫ್ರೀಜರ್ ಹಾಲು ಫ್ರಿಜ್‌ನಲ್ಲಿ ಕರಗಿದ ಮೇಲೆ 24 ಗಂಟೆಯೊಳಗೆ ಮುಗಿಸಿ, ಮತ್ತೆ ಗಟ್ಟಿ ಮಾಡಬೇಡಿ. ಮಗು ಬಾಯಿ ಹಾಕಿ ಉಳಿಸಿದ್ದನ್ನು 2 ಗಂಟೆಯ ನಂತರ ಚೆಲ್ಲಿ. ಕೆಲವರ ಹಾಲಿಗೆ ಫ್ರೀಜರ್‌ನಲ್ಲಿ ಸೋಪಿನ ವಾಸನೆ ಬರುತ್ತದೆ. ಅದು ಕೊಬ್ಬನ್ನು ಒಡೆಯುವ ಲೈಪೇಸ್ ಕಿಣ್ವದ ಕೆಲಸ, ಮಗು ಕುಡಿದರೆ ತೊಂದರೆಯಿಲ್ಲ.

ಹಾಲು ಇಳಿಯುವಾಗ ಒಂದು ನಿಮಿಷ ಕಾರಣವಿಲ್ಲದೆ ಸಂಕಟವಾಗುತ್ತದೆ. ನನಗೇನಾಗಿದೆ?

ಹಾಲು ಇಳಿಯುವ ಮುನ್ನ ಎದೆಗುಂದಿದಂತಾಗಿ ಕೆಲವೇ ನಿಮಿಷಗಳಲ್ಲಿ ಮಾಯವಾಗುವುದಾದರೆ ಅದು ಹಾರ್ಮೋನಿನ ಏರಿಳಿತ. ನಿಮ್ಮ ಮನಸ್ಸಿನ ದೋಷವಲ್ಲ, ಮಗುವಿನ ಮೇಲೆ ಪ್ರೀತಿಯಿಲ್ಲ ಎಂದೂ ಅಲ್ಲ. ಹೆರಿಗೆಯ ಮೊದಲ ಎರಡು ವಾರ ಸುಮ್ಮಸುಮ್ಮನೆ ಅಳು ಬರುವುದೂ ಉಂಟು. ಆದರೆ ಎರಡು ವಾರ ಕಳೆದರೂ ದುಃಖ ಇಳಿಯದಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ ವೈದ್ಯರಿಗೆ ಹೇಳಿ. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳಿವೆ. ನಿಮಗೋ ಮಗುವಿಗೋ ಹಾನಿ ಮಾಡಿಬಿಡುವ ಯೋಚನೆ ಬಂದರೆ ಒಬ್ಬರೇ ಇರಬೇಡಿ, ಆ ಕ್ಷಣವೇ ಪಕ್ಕದಲ್ಲಿರುವವರಿಗೆ ಹೇಳಿ ಆಸ್ಪತ್ರೆಗೆ ಹೋಗಿ.

ಹಾಲೂಡಿಸುವಾಗ ಬಸಿರು ನಿಲ್ಲುವುದಿಲ್ಲವಂತೆ, ನಿಜವೇ?

ಮೂರು ಷರತ್ತು ಒಟ್ಟಿಗೆ ಇದ್ದರೆ ಮಾತ್ರ ಶೇ. 98ರಷ್ಟು ರಕ್ಷಣೆ: ಮಗುವಿಗೆ ಆರು ತಿಂಗಳು ತುಂಬಿರಬಾರದು, ಮುಟ್ಟು ಮರಳಿರಬಾರದು, ಹಗಲು 4 ಗಂಟೆ ಹಾಗೂ ರಾತ್ರಿ 6 ಗಂಟೆ ಮೀರದ ಅಂತರದಲ್ಲಿ ಬರೀ ಎದೆಹಾಲೇ ನಡೆದಿರಬೇಕು. ಒಂದು ತಪ್ಪಿದರೂ ಬೇರೆ ವಿಧಾನ ಬೇಕು.

ಹಲ್ಲು ಬಂದ ಮಗು ಕಚ್ಚುತ್ತದೆ.

ಹಾಲು ಗುಟುಕರಿಸುತ್ತಿರುವ ಮಗುವಿಗೆ ಕಚ್ಚಲು ಆಗುವುದಿಲ್ಲ, ನಾಲಿಗೆ ಕೆಳಹಲ್ಲಿನ ಮೇಲೆ ಚಾಚಿರುತ್ತದೆ. ಕಚ್ಚುವುದು ಹೊಟ್ಟೆ ತುಂಬಿ ಆಟಕ್ಕೆ ಇಳಿದಾಗ. ಗುಟುಕು ನಿಂತದ್ದು ಕಂಡ ಕೂಡಲೇ ಕಿರುಬೆರಳು ತೂರಿಸಿ ಬಿಡಿಸಿ.

ಯಾವಾಗ, ಹೇಗೆ ಬಿಡಿಸಬೇಕು?

ಆರು ತಿಂಗಳು ಬರೀ ಎದೆಹಾಲು, ಆಮೇಲೆ ಊಟದ ಜೊತೆಗೆ ಎರಡು ವರ್ಷ ಹಾಗೂ ಅದರಾಚೆಗೂ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎಲ್ಲಿಯ ತನಕ ಎಂಬ ತೀರ್ಮಾನ ತಾಯಿ-ಮಗುವಿನದು. ಬಿಡಿಸುವಾಗ ಒಂದೇ ದಿನ ನಿಲ್ಲಿಸಿದರೆ ಎದೆ ಕಟ್ಟಿ ಉರಿಯೂತವಾಗುತ್ತದೆ. ಮಗು ಅಷ್ಟಾಗಿ ಹಟ ಮಾಡದ ಮಧ್ಯಾಹ್ನದ ಒಂದು ಸಲವನ್ನು ಮೊದಲು ಕೈಬಿಡಿ. ಮೂರರಿಂದ ಐದು ದಿನ ಬಿಟ್ಟು, ಎದೆ ಹಗುರಾಗಿದ್ದರೆ, ಇನ್ನೊಂದು ಸಲ. ವರ್ಷದೊಳಗಿನ ಮಗುವಾದರೆ ಅದರ ಜಾಗದಲ್ಲಿ ವೈದ್ಯರು ಹೇಳಿದ ಮೇಲುಹಾಲು ಬೇಕು. ಬಿಗಿದಾಗ ಹಾಯೆನಿಸುವಷ್ಟು ಹಿಂಡಿ, ತಣ್ಣನೆ ಪಟ್ಟಿ ಇಡಿ. ಮಲಗುವ ಮುಂಚಿನದೇ ಸಾಮಾನ್ಯವಾಗಿ ಕೊನೆಗೆ ಉಳಿಯುವುದು. ಆ ಹೊತ್ತಿಗೆ ಮನೆಯ ಬೇರೆಯವರು ಮಗುವನ್ನು ಮಲಗಿಸಿದರೆ ಸುಲಭ. ಬಿಟ್ಟ ಮೇಲೂ ಹಲವು ವಾರ ಒತ್ತಿದರೆ ಒಂದೆರಡು ಹನಿ ಬರುತ್ತಿರುತ್ತದೆ. ಬರುತ್ತಿದೆಯೇ ಎಂದು ದಿನವೂ ಒತ್ತಿ ನೋಡದಿದ್ದರೆ ತಾನಾಗಿ ನಿಲ್ಲುತ್ತದೆ.